ಹಿಂದಿದ್ದ ಗಡಿಯಾರ

ಅವರ ಕೈಗಡಿಯಾರ ಸದಾ ಹತ್ತು ನಿಮಿಷ ಮುಂದಿರುತ್ತಿತ್ತು. "ಟೈಮ್ ಅಳೆಯೋ ಸಾಹೇಬ್ರ ವಾಚೇ ಸರಿ ಇಲ್ವಲ್ಲ!" ಎಂದು ಚಹಾದಂಗಡಿಯವನು ಚುಡಾಯಿಸಿದರೆ, ಗಾಜನ್ನು ಹೆಬ್ಬೆರಳಿನಿಂದ ಒರೆಸಿ, "ಎಷ್ಟು ಮುಂದೈತೆ ಅಂತ ಗೊತ್ತಲ್ಲ, ಸಾಕು ಬುಡು" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಪಾವಗಡದ ಉಪಗ್ರಹ ಕೇಂದ್ರದಲ್ಲಿ ಅವರು ನನ್ನ ಮೇಲಧಿಕಾರಿ. ಹಡಗುಗಳಿಗೆ ದಾರಿ ತೋರಿಸುವ ಒಂದೇ ಉಪಗ್ರಹದ ಸಂಕೇತವನ್ನು ನಾವೂ ಮಧುಗಿರಿ ಕೇಂದ್ರದವರೂ ಒಂದೇ ಹೊತ್ತಿನಲ್ಲಿ ಹಿಡಿದು, ನಮ್ಮ ನಮ್ಮ ಕೇಂದ್ರದ ಗಡಿಯಾರಕ್ಕೆ ಹೋಲಿಸುತ್ತಿದ್ದೆವು. ಒಂದು ಅಳತೆಯಿಂದ ಇನ್ನೊಂದನ್ನು ಕಳೆದರೆ ಗಡಿಯಾರಗಳ ನಡುವಿನ, ಕಣ್ಣಿಗೆ ಕಾಣದಷ್ಟು ಸಣ್ಣ ಅಂತರ ಸಿಗುತ್ತಿತ್ತು. ಅದನ್ನು ಲೆಕ್ಕದಲ್ಲಿ ಸರಿಪಡಿಸುತ್ತಿದ್ದೆವೇ ಹೊರತು ಗಡಿಯಾರವನ್ನು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಮಧುಗಿರಿ ಕೇಂದ್ರದ ಅವರ ಗೆಳೆಯ ಫೋನಿನಲ್ಲಿ ಕೂಗಿದ್ದು ನನಗೂ ಕೇಳಿಸಿತು.

"ಲೇ, ನಾಳೆ ದೊಡ್ಡ ಸಾಹೇಬ್ರು ಬತ್ತವ್ರೆ. ನಿನ್ ಗಡಿಯಾರ ಹಿಂದೈತೆ, ನಮ್ದಕ್ಕೆ ಹೊಂದಿಸ್ಬುಡ್ಲಾ. ಇಲ್ದಿದ್ರೆ ನಿನ್ ಕೇಂದ್ರನೇ ಮುಚ್ಚಿಸ್ತಾರೆ!"

"ಈಗ ತಿರುಗಿಸಿದ್ರೆ ವರ್ಷದ ಅಳತೆಯೆಲ್ಲ ಮಣ್ಣಾಯ್ತದೆ ಕಣ್ಲಾ. ಎಷ್ಟು ಹಿಂದೈತೆ ಅಂತ ಗೊತ್ತಲ್ಲ, ಸಾಕು ಬುಡು."

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅವರು ಕೈಗಡಿಯಾರದ ಗಾಜನ್ನು ಒರೆಸುತ್ತಲೇ ಕೂತಿದ್ದರು. ಅದರಲ್ಲಿ ಧೂಳೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬರು ಅಂತರದ ಅಂಕಿಯನ್ನು ನೋಡಿ, "ನಿಮ್ಮದು ಯಾಕ್ರೀ ಹಿಂದಿದೆ?" ಎಂದು ಗದರಿದರು. ನನ್ನ ಮೇಲಧಿಕಾರಿಯ ಹೆಬ್ಬೆರಳು ಮತ್ತೆ ಗಾಜಿಗೆ ಹೋಯಿತು. ಅಧಿಕಾರಿಗಳೆದುರು ಎಂದೂ ಬಾಯಿ ಬಿಡದ ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಎಷ್ಟು ಹಿಂದಿದೆ ಅಂತ ಗೊತ್ತಿದೆ ಸರ್, ಸಾಕು" ಎಂದೆ.