ಶನಿವಾರ ಸಂಜೆ ನಾನು ಅಪ್ಪನಿಗೆ ಹೇಳಿದ್ದು

ಆಗೆಲ್ಲ ನಮ್ಮ ಮನೆಯಲ್ಲಿ ಶುಕ್ರವಾರ ಬಂತೆಂದರೆ ಅವ್ವ ಮಾತು ಕಡಿಮೆ ಮಾಡುತ್ತಿದ್ದಳು. ವ್ರತ, ಉಪವಾಸ ಅಂತೇನೂ ತಿಳಿಯಬೇಡಿ. ಅಪ್ಪ ಕೂಡ್ಲಿಗಿಯ ಒಂದು ಸಣ್ಣ ಚರ್ಚಿನ ಪಾಸ್ಟರ್. ಭಾನುವಾರದ ಪ್ರಸಂಗಕ್ಕೆ ಅವನು ಉದಾಹರಣೆಗಳನ್ನು ಹೆಕ್ಕುತ್ತಿದ್ದುದು ನಮ್ಮ ಮನೆಯೊಳಗಿಂದಲೇ. ವಾರದ ಕೊನೆಗೆ ನಮ್ಮ ಬಾಯಿಂದ ಬಿದ್ದ ಮಾತು ಭಾನುವಾರ ಬೆಳಿಗ್ಗೆ ಮೈಕಿನಲ್ಲಿ ಕೇಳುತ್ತಿತ್ತು. ಸೋಮವಾರ ಆಡಿದ್ದನ್ನಾದರೆ ಅಷ್ಟರೊಳಗೆ ಅಪ್ಪ ಮರೆತರೂ ಮರೆಯಬಹುದು ಎನ್ನುವುದು ಅವ್ವನ ನಂಬಿಕೆ. ಆ ಮನೆಯಲ್ಲಿ ಅವಳಿಗೆ ಉಳಿದಿದ್ದ ಗಟ್ಟಿ ನಂಬಿಕೆ ಅದೊಂದೇ ಇತ್ತೇನೋ.

ತಮ್ಮ ಜಾನಿ ಹಾಸಿಗೆ ಒದ್ದೆ ಮಾಡಿದ್ದು ಒಂದು ಭಾನುವಾರ ನೋಹನ ಜಲಪ್ರಳಯವಾಯಿತು. ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದ್ದು ಏದೆನ್ ತೋಟದ ಹಣ್ಣಾಯಿತು. ಅವ್ವ ಸಾರಿಗೆ ಉಪ್ಪು ಮರೆತಳು, ಅದಕ್ಕೂ ಒಂದು ವಾಕ್ಯ ಸಿಕ್ಕಿತು. ತಗಡಿನ ಚಾವಣಿಯ ಕೆಳಗೆ ಚಾಪೆಯ ಮೇಲೆ ಕೂತ ನಲವತ್ತು ಮಂದಿ ಹೊಟ್ಟೆ ಹಿಡಿದು ನಗುತ್ತಿದ್ದರು. ಲೈನ್‌ಮ್ಯಾನ್, ನರ್ಸು, ಹಾಸ್ಟೆಲ್ಲಿನ ಅಡುಗೆಯವರು, ಹೈಸ್ಕೂಲಿನ ಜವಾನ, ಎಲ್ಲರೂ ಸಂಬಳದ ಮಂದಿ, ವಾರವೆಲ್ಲ ಯಾರ್‍ಯಾರದೋ ಮಾತು ಕೇಳಿ ದಣಿದವರು. ಅವರಿಗೆ ನಗಲು ಪಾಸ್ಟರ ಮನೆ ಇತ್ತು. ಸೋಮವಾರ ಶಾಲೆಯಲ್ಲಿ ಹುಡುಗರು ಜಾನಿಯನ್ನು "ಏನಲೇ ಪ್ರಳಯ, ಬಂದೇನು" ಎಂದು ಕರೆದರೆ ಅವನು ಮೂತ್ರಕ್ಕೆ ಹೋಗುವುದನ್ನೇ ಬಿಟ್ಟು ಸಂಜೆಯವರೆಗೆ ಬಿಗಿಹಿಡಿದು ಕೂರುತ್ತಿದ್ದ. ಅದು ಅಪ್ಪನಿಗೆ ಗೊತ್ತಾಗದಂತೆ ನೋಡಿಕೊಂಡೆವು. ಗೊತ್ತಾಗಿದ್ದರೆ ಅದೂ ಪ್ರಸಂಗಕ್ಕೆ ಹೋಗುತ್ತಿತ್ತು.

ಮೇಷ್ಟರ ಮನೆಯಲ್ಲಿ, ಮಠದಯ್ಯನವರ ಮನೆಯಲ್ಲಿ, ಊರಿಗೆ ಬುದ್ಧಿ ಹೇಳುವ ಯಾರ ಮನೆಯಲ್ಲೇ ಆಗಲಿ ಬೆಳೆದವರಿದ್ದರೆ ನಿಮಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಹೇಳುವ ಬುದ್ಧಿಗೆ ಮನೆಯ ಮಕ್ಕಳೇ ಕಟ್ಟಿಗೆ.

ಆದರೂ ಶನಿವಾರ ಸಂಜೆಗಾಗಿ ನಾವಿಬ್ಬರೂ ಕಾಯುತ್ತಿದ್ದೆವು. ಇದನ್ನು ಒಪ್ಪಿಕೊಳ್ಳಲು ಇವತ್ತಿಗೂ ಸಿಟ್ಟು ಬರುತ್ತದೆ. ಉಳಿದ ದಿನ ಅಪ್ಪ ಕೊಟ್ಟೂರು, ಕೋಗಳಿ ಎಂದು ಮನೆಮನೆಯ ಪ್ರಾರ್ಥನೆಗೆ ಅಲೆಯುತ್ತಿದ್ದ. ಶನಿವಾರ ಸಂಜೆ ಮಾತ್ರ ಬಸ್‌ಸ್ಟ್ಯಾಂಡಿನಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ನಮ್ಮೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಪೇಪರಿನ ಪೊಟ್ಟಣ ಬಿಚ್ಚಿದರೆ ಎಣ್ಣೆ, ಅರಿಶಿನ, ಹಸಿಮೆಣಸಿನಕಾಯಿಯ ವಾಸನೆ ಮನೆ ತುಂಬುತ್ತಿತ್ತು. ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ, "ಹೇಳ್ರಿ ನೋಡೋಣ, ಈ ವಾರ ನಮ್ಮ ಮನ್ಯಾಗ ದೇವರು ಏನು ಮಾಡ್ಯಾನ?"

ಯಾರ ಮಾತು ನೋಟ್‌ಬುಕ್ಕಿಗೆ ಹೋಗುತ್ತದೋ ಅವರಿಗೆ ಇನ್ನೊಂದು ಮಿರ್ಚಿ. ಮರುದಿನ ಮೈಕಿನಲ್ಲಿ "ನನ್ನ ಮಗಳು ರೂತ್ ಹೇಳಿದಳು" ಎಂದು ಹೆಸರು ಬೇರೆ. ಮಾನ ಹೋಗುವುದೂ ಹೆಸರು ಬರುವುದೂ ಒಂದೇ ಕಡೆ ಇದ್ದರೆ ಹತ್ತು ವರ್ಷದ ಹುಡುಗಿ ಏನು ಮಾಡುತ್ತಾಳೆ? ಹೆಸರನ್ನೇ ಆರಿಸುತ್ತಾಳೆ. ನಾನು ಆರಿಸಿದೆ.

ನಾನು ಹೇಳಹೊರಟಿರುವುದು ಹುಣಸೆಹಣ್ಣಿನ ಕಾಲದ್ದು. ನಮ್ಮಲ್ಲಿ ಹುಣಸೆ ಬಡಿಯುವುದಕ್ಕೂ ಈಸ್ಟರಿಗೆ ಮುಂಚಿನ ನಲವತ್ತು ದಿನದ ಶ್ರಮೆಯ ಕಾಲಕ್ಕೂ ಸರಿಹೋಗುತ್ತದೆ. ಸಭೆಯ ಒಂದೊಂದು ಮನೆಯಲ್ಲಿ, ಶನಿವಾರ ಬಿಟ್ಟು, ದಿನಾ ಸಂಜೆ ಪ್ರಾರ್ಥನಾ ಕೂಟ. ಹಗಲೆಲ್ಲ ಮನೆಯ ಹಿಂದೆ ಬೇವಿನ ನೆರಳಲ್ಲಿ ಹುಣಸೆಹಣ್ಣಿನ ರಾಶಿ. ಅವ್ವ ಕೊಡತಿಯಿಂದ ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಾವು ಬೀಜಗಳನ್ನು ಆರಿಸಿ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಚೌಕಾಬಾರ ಆಡುತ್ತಿದ್ದೆವು. ಬೆಲ್ಲ, ಜೀರಿಗೆ, ಉಪ್ಪು ಹಾಕಿ ಹೊಸ ಹುಣಸೆ ಜಜ್ಜಿ ಕಡ್ಡಿಗೆ ಸಿಗಿಸಿದರೆ ಚಿಗಳಿ. ಅದನ್ನು ಚೀಪಿ ಚೀಪಿ ನಾಲಿಗೆಯ ತುದಿ ಒಡೆದಿರುತ್ತಿತ್ತು.

ಅದಕ್ಕೆ ಒಂದು ವರ್ಷ ಮುಂಚೆ ಅವ್ವ ಮೂರನೇ ಹೆರಿಗೆಗೆ ತವರುಮನೆ ಚಿಗಟೇರಿಗೆ ಹೋಗಿದ್ದಳು. ಗಂಡುಕೂಸು. ಒಂಬತ್ತು ದಿನ ಬದುಕಿತ್ತು. ಅಜ್ಜನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಪ್ಪ ಹೋಗಿ ಪ್ರಾರ್ಥನೆ ಮಾಡಿ, ಭಾನುವಾರಕ್ಕೆ ಕೂಡ್ಲಿಗಿಯಲ್ಲಿರಬೇಕೆಂದು ಮರುದಿನವೇ ಬಂದುಬಿಟ್ಟ. ಆ ಭಾನುವಾರ ಕೂಸೂ ಪ್ರಸಂಗಕ್ಕೆ ಬಂತು. ಅವ್ವ ಇನ್ನೂ ಚಿಗಟೇರಿಯಲ್ಲೇ ಇದ್ದಳು, ಆದ್ದರಿಂದ ಕೇಳಲಿಲ್ಲ. ನಾನು ಕೇಳಿದೆ. ಜನ ಅತ್ತರು. ಅಪ್ಪನ ಪ್ರಸಂಗಗಳಲ್ಲಿ ಅದು ಬಹಳ ಒಳ್ಳೆಯದಾಗಿತ್ತಂತೆ, ಎಷ್ಟೋ ಮಂದಿ ಹೇಳಿದರು.

ಶ್ರಮೆಯ ಕಾಲದ ಒಂದು ಮಧ್ಯಾಹ್ನ ಜಾನಿ ಮಲಗಿದ್ದ, ಅಪ್ಪ ಊರಲ್ಲಿರಲಿಲ್ಲ. ನಾನು ಅವ್ವನ ಎದುರು ಕೂತು ಬೀಜ ಆರಿಸುತ್ತಿದ್ದೆ. ಸಂಡೇ ಸ್ಕೂಲಿನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿತ್ತು.

"ಅವ್ವಾ, ಪ್ರಾರ್ಥನಿಗೆ ಕಣ್ಣು ಮುಚ್ಚಿದಾಗ ನಿನಗ ಯೇಸು ಕಾಣಸ್ತಾನೇನು?"

"ಇಲ್ಲ."

"ಮತ್ತೇನು ಕಾಣಸ್ತೈತಿ?"

ಅವ್ವ ಕೊಡತಿ ನಿಲ್ಲಿಸಲಿಲ್ಲ. "ಬಸ್ಸು," ಅಂದಳು.

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಕೆಳದನಿಯಲ್ಲಿ ಹೇಳಿದಳು. "ಕೂಡ್ಲಿಗ್ಯಾಗ ಹತ್ತತೀನಿ. ಕೊಟ್ಟೂರಾಗ ಇಳದು ಇನ್ನೊಂದು ಬಸ್ ಹಿಡೀತೀನಿ. ಎಲ್ಲೆಲ್ಲಿ ನಿಲ್ಲಸ್ತಾರೋ ಅಲ್ಲೆಲ್ಲ ನಿಂದ್ರತೈತಿ, ಯಾರ್‍ಯಾರು ಹತ್ತತಾರ ನೋಡತೀನಿ. ಚಿಗಟೇರ್‍ಯಾಗ ಇಳದು ಹೊಲದ ತನಕ ನಡೀತೀನಿ. ನಿಮ್ಮಪ್ಪ ಉದ್ದಕ ಪ್ರಾರ್ಥನಿ ಮಾಡಿದ ದಿನ ಕೂಸಿನ ಹತ್ರ ಹೋಗಿ ಮುಟ್ಟತೀನಿ. ಸಣ್ಣದು ಮಾಡಿದರ ದಾರ್‍ಯಾಗ ಆಮೆನ್ ಆಗಿಬಿಡತೈತಿ."

"ದೇವರ ಕೂಡ ಮಾತಾಡಂಗಿಲ್ಲೇನು?"

"ಒಂದು ವರ್ಷಾತು, ಆಡಿಲ್ಲ. ಬರವಲ್ದು." ಬೆರಳಿಗೆ ಅಂಟಿದ ಹುಣಸೆ ತೆಗೆದು ರಾಶಿಗೆ ಹಾಕಿದಳು. "ನಿನಗಂತ ಹೇಳೀನಿ, ರೂತಿ. ಅಪ್ಪನ ಮುಂದ ಅನ್ನಬ್ಯಾಡ."

ಅವ್ವ ನನ್ನನ್ನು ಒಬ್ಬ ಗೆಳತಿಯಂತೆ ಕೂರಿಸಿಕೊಂಡು ಮಾತಾಡಿದ್ದು ಅದೇ ಮೊದಲು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಚಿಗಳಿ ಕೊಟ್ಟರೂ ಬೇಡ ಅಂದೆ, ದೊಡ್ಡವರು ಅದನ್ನೆಲ್ಲ ಚೀಪುವುದಿಲ್ಲ ಅಂತ.

ಆ ವಾರದ ಶನಿವಾರ, ಮರುದಿನ ಗರಿಗಳ ಭಾನುವಾರ, ಈಸ್ಟರಿಗೆ ಇನ್ನೊಂದೇ ವಾರ. ದಿನಕ್ಕೊಂದು ಕೂಟ ನಡೆಸಿ ಅಪ್ಪನ ಹತ್ತಿರ ಇದ್ದಬದ್ದ ಉದಾಹರಣೆಗಳೆಲ್ಲ ಖಾಲಿಯಾಗಿದ್ದವು. ಅವ್ವ ಬೀದಿ ನಲ್ಲಿಯಲ್ಲಿ ನೀರು ಹಿಡಿಯಲು ಹೋಗಿದ್ದಳು. ಜಾನಿ ಬೆಕ್ಕು ಮರಿ ಹಾಕಿದ್ದನ್ನು ಹೇಳಿದ, ಅಪ್ಪ "ಬೆಕ್ಕು ಹೋದ ವರ್ಷನೂ ಹಾಕಿತ್ತಲ್ಲ" ಅಂದ. ನಾನು ಶಾಲೆಯದೊಂದು ಹೇಳಿದೆ, ಅದೂ ಹಿಡಿಸಲಿಲ್ಲ. ಅವನು ನೋಟ್‌ಬುಕ್ಕು ಮುಚ್ಚಿ ಏಳುವುದರಲ್ಲಿದ್ದ. ಪೊಟ್ಟಣದಲ್ಲಿ ಒಂದು ಮಿರ್ಚಿ ಉಳಿದಿತ್ತು. ನಾನು ಹೇಳಿಬಿಟ್ಟೆ. ಬಸ್ಸು, ಕೊಟ್ಟೂರು, ಹೊಲ, ಒಂದು ವರ್ಷ, ಎಲ್ಲವನ್ನೂ.

ಅಪ್ಪ ಮತ್ತೆ ಕೂತ. "ಆಕಿ ಹಿಂಗಂದ್ಲೇನು? ಒಂದು ವರ್ಷಾತು ಅಂದ್ಲೇನು?" ಪೆನ್ನಿನ ಕ್ಯಾಪು ತೆಗೆದ. ಅವನ ಮುಖದಲ್ಲಿ ನೋವಿತ್ತೆ? ಇತ್ತು, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ನೋವಾದವನು ಎದ್ದು ನಲ್ಲಿಯ ಹತ್ತಿರ ಹೋಗಿ ಹೆಂಡತಿಯ ಕೈಯಿಂದ ಕೊಡ ಇಸಿದುಕೊಳ್ಳುತ್ತಾನೆ. ಇವನು ಬರೆದುಕೊಂಡ. ಮಿರ್ಚಿ ನನಗೆ ಸಿಕ್ಕಿತು, ತಿಂದೆ.

ಮರುದಿನ ಅವನು ಗ್ರಂಥಸ್ಥ ಕನ್ನಡದಲ್ಲಿ ಶುರುಮಾಡಿದ. "ಪ್ರಿಯರೇ, ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ಕಷ್ಟಗಳಿಗಾಗಿ ಪ್ರಾರ್ಥಿಸುವ ನನ್ನ ಹೆಂಡತಿ ಒಂದು ವರ್ಷದಿಂದ ಪ್ರಾರ್ಥನೆಯನ್ನೇ ಮಾಡಿಲ್ಲ. ಕಣ್ಣು ಮುಚ್ಚಿಕೊಂಡು ಬಸ್ಸು ಹತ್ತಿ ತವರಿಗೆ ಹೋಗಿಬರುತ್ತಾಳೆ."

ಜನ ನಕ್ಕರು. ಪಾಸ್ಟರು ಮನೆಯ ಮಾತು ಎತ್ತಿದರೆ ನಗುವುದು ಅವರಿಗೆ ರೂಢಿಯಾಗಿತ್ತು. ಬಸ್ಸು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಅಪ್ಪ ಹೇಳುವಷ್ಟರಲ್ಲಿ ನಗು ನಿಂತಿತು, ಆದರೆ ನಕ್ಕಾಗಿತ್ತು. ಅವ್ವ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದಳು. ಅಪ್ಪನ ಕಡೆ ನೋಡಲಿಲ್ಲ. ತಿರುಗಿ ಮಕ್ಕಳ ನಡುವೆ ನನ್ನನ್ನು ಹುಡುಕಿ, ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಎರಡೂ ಹೇಗೆ ಹೋಗುತ್ತವೆ ಎಂದು ನಾನು ಅಲ್ಲಿ ಕಂಡೆ.

ಹಾಸ್ಟೆಲ್ಲಿನ ಅಡುಗೆ ಎಸ್ತೇರಮ್ಮ ಒಬ್ಬಳೇ ಬಾಗಿಲ ಹೊರಗೆ ಅಪ್ಪನನ್ನು ತಡೆದು ನಿಲ್ಲಿಸಿದಳು. "ಅಯ್ಯನೋರೆ, ಸತ್ತ ಕೂಸಿನ ಹತ್ರ ದಿನಾ ಹೋಗಿಬರೋದು ಪ್ರಾರ್ಥನಿ ಅಲ್ಲೇನ್ರಿ?"

"ನಿನಗ ತಿಳಿಯಂಗಿಲ್ಲ ಎಸ್ತೇರಮ್ಮ," ಅಂದ ಅಪ್ಪ. ಅವಳಿಗೆ ತಿಳಿದಷ್ಟು ಅವನಿಗೆ ತಿಳಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಮಂಗಳವಾರ ಸಭೆಯ ಹೆಂಗಸರು ಮನೆಗೆ ಬಂದರು. ಮಗನ ಪರೀಕ್ಷೆ, ಗಂಡನ ಕುಡಿತ ಎಂದು ಅವ್ವನ ಹತ್ತಿರ ಬಂದು ಅತ್ತು ಹೋಗುತ್ತಿದ್ದವರು, ಈಗ ಅವಳನ್ನು ನಡುವೆ ಕೂರಿಸಿ ತಲೆಯ ಮೇಲೆ ಕೈಯಿಟ್ಟು ಅವಳಿಗಾಗಿ ಪ್ರಾರ್ಥಿಸಿದರು. ಕೊನೆಗೆ ಅವ್ವ ಬಾಯಿ ಬಿಟ್ಟಳು. ಎಲ್ಲೂ ತಡವರಿಸದೆ, ದನಿ ಏರಿಸಿ, ಇಳಿಸಿ, ಪ್ರಾರ್ಥನೆ ಮಾಡಿದಳು. ಹೆಂಗಸರು ಕಣ್ಣೊರೆಸಿಕೊಂಡು "ಅಮ್ಮೋರು ತಿರುಗಿ ಬಂದ್ರು" ಅಂದರು. ಅಪ್ಪನ ಮುಖ ಅರಳಿತು. ನಾನು ಮಾತ್ರ ಕಣ್ಣು ಬಿಟ್ಟುಕೊಂಡೇ ಕೇಳಿದ್ದೆ. ಅದು ಹಿಂದಿನ ವಾರದ ಕೂಟದಲ್ಲಿ ಅಪ್ಪ ಮಾಡಿದ ಪ್ರಾರ್ಥನೆ. ಒಂದು ಮಾತೂ ಬಿಡದೆ ಅವಳು ಅವನದನ್ನು ಅವನಿಗೇ ಒಪ್ಪಿಸಿದ್ದಳು. ಅವನಿಗೆ ಗುರುತು ಸಿಗಲಿಲ್ಲ.

ಅವ್ವ ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಬೈಯಲೂ ಇಲ್ಲ. ನಾನೇ ಒಂದು ದಿನ ಹುಣಸೆ ರಾಶಿಯ ಹತ್ತಿರ ಹೋಗಿ ಕೂತು, "ಅವ್ವಾ, ಇವತ್ತು ಬಸ್ಸು ಎಲ್ಲಿ ತನಕ ಹೋತು?" ಅಂದೆ. "ಬಿಸಲಾಗ ಕುಂದ್ರಬ್ಯಾಡ, ಒಳಗ ಹೋಗು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಊಟಕ್ಕಿಟ್ಟಳು, ಜಡೆ ಹಾಕಿದಳು, ಜ್ವರ ಬಂದರೆ ಪಕ್ಕದಲ್ಲೇ ಕೂತಳು. ತನ್ನದು ಎನ್ನುವ ಒಂದು ಮಾತನ್ನು ಮಾತ್ರ ನನ್ನ ಮುಂದೆ ಮತ್ತೆಂದೂ ಆಡಲಿಲ್ಲ. ನಾನು ದೊಡ್ಡವಳಾದಾಗಲೂ ಹೀಗೆ ಹೀಗೆ ಮಾಡಬೇಕು, ಹೆದರಬೇಡ ಎಂದು ಹೇಳಿಕೊಟ್ಟವಳು ಎಸ್ತೇರಮ್ಮ. ಅವ್ವ ಹೊರಗೆ ಬಟ್ಟೆ ಒಣಹಾಕುತ್ತಿದ್ದಳು.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಜಾನಿಯ ಮನೆಯಲ್ಲಿ ಚೆನ್ನಾಗಿದ್ದಾನೆ, ಮೊಮ್ಮಕ್ಕಳು ಸುತ್ತ ಆಡುತ್ತಾರೆ, ಅವು ಏನಂದರೂ ಬರೆದುಕೊಳ್ಳುತ್ತಾನೆ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಧ್ಯಾನ ಕಳಿಸುತ್ತಾನೆ. ಹೋದ ತಿಂಗಳು ಈ ಬಸ್ಸಿನ ಕಥೆ ಮತ್ತೆ ಬಂತು. ಅದರಲ್ಲಿ ಹೆಂಡತಿ ಪ್ರಸಂಗ ಕೇಳಿ ಮೊಣಕಾಲೂರಿ ಅಳುತ್ತಾಳೆ, ದೇವರು ಅವಳಿಗೆ ಪ್ರಾರ್ಥನೆಯನ್ನು ಮರಳಿ ಕೊಡುತ್ತಾನೆ. ಕೆಳಗೆ ಸಾಲುಗಟ್ಟಿ ಜೋಡಿಸಿದ ಕೈಗಳ ಚಿತ್ರ. ಹಡಗಲಿಯ ನನ್ನ ಶಾಲೆಯ ಸ್ಟಾಫ್‌ರೂಮಿನಲ್ಲಿ ಕೂತು ಉತ್ತರ ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ. ಅವನಿಗೆ ಏನು ಬರೆದರೂ ಅದು ನಾಳೆಯ ಧ್ಯಾನವಾಗುತ್ತದೆ.

ಅಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ. ಆದರೆ ಅವನನ್ನು ಬೈದು ಮುಗಿಸಿದ ಮೇಲೂ ಒಂದು ಮಾತು ಉಳಿಯುತ್ತದೆ. ಅವ್ವ ಹೇಳಿದ್ದು ಅವನಿಗಲ್ಲ, ನನಗೆ.

ಎರಡು ವರ್ಷದ ಹಿಂದೆ ಅವ್ವ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿದ್ದಳು. ನಾಲ್ಕು ದಿನ ರಜೆ ಹಾಕಿ ಪಕ್ಕದಲ್ಲಿ ಕೂತೆ. "ಎಲ್ಲಿ ನೋಯಾಕತೈತಿ ಅವ್ವಾ?" ಅಂತ ಕೇಳಿದಾಗೆಲ್ಲ "ಎಲ್ಲೂ ಇಲ್ಲ, ಆರಾಮ ಅದೀನಿ," ಅಂದಳು. ನಾಲ್ಕನೇ ದಿನ ಮಧ್ಯಾಹ್ನ ತಟ್ಟೆ ತೊಳೆಯಲು ಹೋದಾಗ ವಾರ್ಡಿನ ಆಯಾ ನಲ್ಲಿಯ ಹತ್ತಿರ ಸಿಕ್ಕಳು. ಅವ್ವನ ಬಲ ಪಕ್ಕೆ ಬಹಳ ನೋಯುತ್ತಿದೆ, ಡಾಕ್ಟರಿಗೆ ಹೇಳಿರಿ ಎಂದಳು. ನೀರು ನಿಲ್ಲಿಸುತ್ತ, "ಆ ಹೋದ ಕೂಸಿನ ಹೆಸರು ಭಾಳ ಚಂದ ಐತ್ರಿ," ಅಂದಳು. "ನಿಮ್ಮವ್ವಾರೇ ಇಟ್ಟಿದ್ರಂತಲ್ಲ."

ಒಂಬತ್ತು ದಿನದ ಕೂಸಿಗೆ ಹೆಸರೇ ಇಟ್ಟಿರಲಿಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆಯಾ ನನ್ನ ಮುಖ ನೋಡಿದಳು. "ನಿಮಗ ಗೊತ್ತಿರಬೇಕಲ್ರಿ?"

"ಗೊತ್ತೈತಿ," ಅಂದೆ.

ತಟ್ಟೆ ಒರೆಸಿಕೊಂಡು ಒಳಗೆ ಹೋಗಿ ಅವ್ವನ ಪಕ್ಕ ಕೂತೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ. ಕೇಳೋಣ ಅಂದುಕೊಂಡೆ. ಕೇಳಲಿಲ್ಲ. ಆ ವಾರವೇ ಅವಳು ಹೋದಳು. ಆ ಹೆಸರು ಒಬ್ಬ ಆಯಾಗೆ ಗೊತ್ತು, ನನಗೆ ಗೊತ್ತಿಲ್ಲ.