ಅವ್ವ ತೆಗೆದುಕೊಂಡ ರೆಸ್ಟ್

ನಾನು ಚಿಕ್ಕವಳಿದ್ದಾಗ, ಲಂಗದ ಮಡಿಲಲ್ಲಿ ಹಸಿ ಕಡಲೆ ತುಂಬಿಕೊಂಡು ತಿರುಗುವ ವಯಸ್ಸಿನಲ್ಲಿ, ಜೋಳ ಕೊಯ್ಯುತ್ತಿದ್ದ ಅವ್ವ ಹೊಲದಲ್ಲೇ ತಲೆಸುತ್ತಿ ಬಿದ್ದಳು. ಅಪ್ಪ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಅಫಜಲಪುರಕ್ಕೆ ಕರೆದೊಯ್ದ. ಡಾಕ್ಟರು ನಾಡಿ ನೋಡಿ, ಗುಳಿಗೆ ಕೊಟ್ಟು, "ಎಂಟು ದಿನ ರೆಸ್ಟ್ ತಗೊಳ್ರಿ" ಎಂದರು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಾಗೆಂದರೇನು ಎಂದು ಕೇಳಲು ಪುರಸೊತ್ತಾಗಲಿಲ್ಲ.

ಮನೆಯಲ್ಲಿ ಇಂಗ್ಲಿಷ್ ಓದಿದವಳು ಎಂಟನೇ ತರಗತಿಯ ಅಕ್ಕ ಒಬ್ಬಳೇ. ಅವಳು ಪಾಠದ ಪುಸ್ತಕ ತಿರುವಿ ಹೇಳಿದಳು: "ರೆಸ್ಟ್ ಅಂದ್ರ ಉಳಿದದ್ದು ಅಪ್ಪಾ. ಎಲ್ಲಾರೂ ತಗೊಂಡ ಮ್ಯಾಲ ಉಳಿದದ್ದು."

ಮಲಗಿದ್ದ ಅವ್ವ ನಕ್ಕಳು. "ಅದನ್ನ ನಾ ದಿನಾ ತಗೋತೇನಲ್ಲ!"

ನಿಜವೇ. ಎಲ್ಲರ ಊಟವಾದ ಮೇಲೆ ಮುರುಕು ರೊಟ್ಟಿ, ತಳದ ಬೇಳೆ ಅವಳ ಪಾಲಿಗೆ ಬರುತ್ತಿದ್ದವು. ನಾವೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ರೊಟ್ಟಿ ಬಡಿಯಲು ಕೂತಳು. ಬಡಿಯುವ ಸಪ್ಪಳ ಥಟ್ಟನೆ ನಿಂತಿತು. ಓಡಿಹೋಗಿ ನೋಡಿದರೆ ಬೆವೆತು ಗೋಡೆಗೆ ಒರಗಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ಡಾಕ್ಟರ ಮಾತಿನ ಅರ್ಥ ಕೇಳಲು ಅಪ್ಪ ಪಕ್ಕದ ಮನೆಯ ದರ್ಜಿ ಚಾಚಾನನ್ನು ಕರೆತಂದ. ಸೊಲ್ಲಾಪುರದಲ್ಲಿ ಆಸ್ಪತ್ರೆಯ ಬಟ್ಟೆ ಹೊಲಿದು ಬಂದವರು ಅವರು.

"ಉಳಿದದ್ದಲ್ರಿ ಅಣ್ಣಾ, ರೆಸ್ಟ್ ಅಂದ್ರ ಆರಾಮ! ವೈನಿಯವರು ಎಂಟು ದಿನ ಯಾವ ಕೆಲ್ಸಾನೂ ಮಾಡಬಾರದು."

ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಪಾಪ, ಅವಳು ಹೇಳಿದ್ದೂ ಸುಳ್ಳಲ್ಲ. ನಾನು ದೊಡ್ಡವಳಾಗಿ ನಿಘಂಟು ನೋಡಿದಾಗ ತಿಳಿಯಿತು, ಅವು ಎರಡು ಬೇರೆ ಪದಗಳು. ಆರಾಮದ ರೆಸ್ಟ್ ಇಂಗ್ಲಿಷಿನದೇ ಹಳೆಯ ಮಾತು. ಉಳಿದದ್ದೆನ್ನುವ ರೆಸ್ಟ್ ಲ್ಯಾಟಿನ್ನಿನಲ್ಲಿ ಹುಟ್ಟಿ ಫ್ರೆಂಚಿನ ದಾರಿಯಲ್ಲಿ ಬಂದದ್ದು.

ಅಂದು ಅಪ್ಪ ಒಲೆಯ ಮುಂದೆ ಕೂತ. ಮೂಲೆ ಮೂಲೆ ಸೊಟ್ಟಗಾದ ಮೊದಲ ರೊಟ್ಟಿಯನ್ನು ಪುಂಡಿಪಲ್ಯೆಯ ಜೊತೆ ಅವ್ವನ ಮುಂದಿಟ್ಟ.

"ನಿಮಗಿಂತ ಮೊದ್ಲ ನಾ ಉಣ್ಣೋದೇನ್ರಿ?"

"ಡಾಕ್ಟರು ಹೇಳ್ಯಾರ. ಉಣ್ಣು."

ಡಾಕ್ಟರು ಹಾಗೇನೂ ಹೇಳಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಿಸಿ ರೊಟ್ಟಿ ಮುರಿದಳು. ಎಂಟು ದಿನ ಕಳೆಯುವಷ್ಟರಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು.

ಮಕ್ಕಳೇ, ರೆಸ್ಟ್ ಎನ್ನುವ ಮಾತು ನಿಮಗೆ ನೀರು ಕುಡಿದಷ್ಟು ಸಲೀಸು. ನಿಮ್ಮ ಅಮ್ಮ ಸಂಜೆ ಕೆಲಸದಿಂದ ಬಂದು ಕಾಲು ಚಾಚಿ, "ನನಗೆ ಸ್ವಲ್ಪ ರೆಸ್ಟ್ ಬೇಕು" ಎನ್ನುತ್ತಾಳೆ. ನೀವು ಟೀವಿಯ ದನಿ ತಗ್ಗಿಸುತ್ತೀರಿ. ನಮ್ಮ ಅವ್ವ ತನ್ನ ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳದಿದ್ದದ್ದನ್ನು ನನ್ನ ಮಗಳು ಕೇಳುತ್ತಾಳಲ್ಲ, ಅದು ನನಗೆ ದೊಡ್ಡ ಸಮಾಧಾನ.