ಸೋಡಿಯಂ ಬಿಟ್ಟುಹೋದ ಕಲ್ಲು

ಕಲ್ಲು ಪರೀಕ್ಷಿಸುವ ನಮ್ಮ ಲ್ಯಾಬು ಕೋಥರೂಡು ಬಡಾವಣೆಯ ಹಳೆಯ ಬಂಗಲೆಯೊಂದರಲ್ಲಿತ್ತು. ಮುಂದಿನ ಕೋಣೆಗಳಲ್ಲಿ ಯಂತ್ರಗಳು, ಹಿತ್ತಲ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಗರಗಸ. ಗರಗಸದ ಮುಂದೆ ಕೂರುತ್ತಿದ್ದವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಅರವತ್ತರ ಹತ್ತಿರದ, ತೆಳ್ಳನೆಯ ಮನುಷ್ಯ. ನಾನು ಕೆಲಸಕ್ಕೆ ಸೇರಿ ಆರು ತಿಂಗಳವರೆಗೆ ನಾವಿಬ್ಬರೂ ಮರಾಠಿಯಲ್ಲೇ ಮಾತಾಡಿದೆವು. ಅವರದು ಸರಾಗ, ನನ್ನದು ಮುರುಕು. ಒಂದು ದಿನ ಶೆಡ್ಡಿಗೆ ಹೋದರೆ ಅವರು ಅಲಗಿಗೆ ಕಲ್ಲೊಡ್ಡುತ್ತ, "ಅಳ್ಳಾಡಬ್ಯಾಡೋ ನಮ್ಮಪ್ಪ, ಒಂದ್ ಚೂರು ಸುಮ್ಕ ಕುಂದ್ರು" ಎಂದು ಆ ಕಲ್ಲಿಗೇ ಹೇಳುತ್ತಿದ್ದರು.

"ಕಾಕಾ, ನೀವು ಕನ್ನಡದವರಾ?" ಅಂದೆ.

ಅವರು ಗರಗಸ ನಿಲ್ಲಿಸಿ ನನ್ನನ್ನೇ ನೋಡಿದರು. "ಅಕ್ಕಾರ, ನೀವೂ ಏನ್ರಿ? ಇಷ್ಟ್ ದಿನ ಸುಮ್ನ ನನ್ನ ಕಡಿಂದ ಮರಾಠಿ ಒದರಿಸಿದ್ರಲ್ರಿ!"

ಅವರು ಯಾದಗಿರಿಯ ಕಡೆಯವರು. ಹೊಸದಾಗಿ ಮದುವೆಯಾದಾಗ ಹೆಂಡತಿಯ ಜೊತೆ ಇಲ್ಲಿಗೆ ಬಂದು, ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಕಟ್ಟಡಗಳ ಪಾಯಕ್ಕೆ ಕರಿಕಲ್ಲು ಒಡೆದವರು. ಕಲ್ಲಿನ ಮೇಲೆ ಅವರ ಕೈ ಓಡುವುದನ್ನು ನೋಡಿ ಯಾರೋ ಲ್ಯಾಬಿಗೆ ಕರೆತಂದಿದ್ದರಂತೆ. ಕಲ್ಲನ್ನು ಬಿಲ್ಲೆಯಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು, ಕೂದಲೆಳೆಗಿಂತ ತೆಳ್ಳಗೆ ಉಜ್ಜುವುದು ಅವರ ಕೆಲಸ. ಉಳಿದರ್ಧ ತುಂಡನ್ನು ಪುಡಿಮಾಡಿ, ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಯಂತ್ರದಿಂದ ಅಳೆಯುವುದು ನನ್ನದು.

ಆ ಮಳೆಗಾಲದಲ್ಲಿ ಚಿತ್ರದುರ್ಗದ ಕಡೆಯಿಂದ ಆರು ಮರದ ಪೆಟ್ಟಿಗೆಗಳು ಬಂದವು. ತಾಮ್ರ ಹುಡುಕುತ್ತ ಗುಡ್ಡ ಕೊರೆದವರು ಒಂದೇ ಕೊಳವೆಯ ಆಳದಿಂದ ತೆಗೆದ, ರೊಟ್ಟಿ ಲಟ್ಟಿಸುವ ಕೋಲಿನಂಥ ಕಲ್ಲುಗಳು ಅವುಗಳಲ್ಲಿದ್ದವು. ದಾರಿಯಲ್ಲಿ ಲಾರಿಯ ತಾಡಪತ್ರಿ ಸೋರಿ ಪೆಟ್ಟಿಗೆಗಳ ಮೇಲಿನ ಅಂಕಿಗಳು ಬಹುಪಾಲು ಅಳಿಸಿಹೋಗಿದ್ದವು. ಕಳಿಸಿದವರಿಗೆ ಫೋನು ಮಾಡಬೇಕಿತ್ತು. ನಾನು ಮಸುಕು ಗುರುತುಗಳನ್ನೇ ನೋಡಿ, ಇಷ್ಟೇ ತಾನೆ ಎಂದುಕೊಂಡು, ನೆಲದ ಹತ್ತಿರದ್ದು ಒಂದು, ತೀರ ಆಳದ್ದು ಆರು ಎಂದು ಹೊಸದಾಗಿ ಅಂಕಿ ಬರೆದೆ.

"ಈ ಕಲ್ಲಿನಾಗ ಏನ್ ಹುಡಕ್ತೀರ್ರಿ?" ಕಾಕಾ ಕೇಳಿದರು.

"ಇದು ಒಂದು ಕಾಲಕ್ಕೆ ಸಮುದ್ರದ ತಳ, ಕಾಕಾ. ಜ್ವಾಲಾಮುಖಿ ಕಕ್ಕಿದ ಕಲ್ಲು. ಬಿರುಕುಗಳಲ್ಲಿ ಸುಡೋ ನೀರು ಓಡಾಡಿ, ಕಲ್ಲಲ್ಲಿದ್ದ ಸೋಡಿಯಂ ಎತ್ಕೊಂಡು ಹೋಯ್ತು, ಮೆಗ್ನೀಸಿಯಂ ಬಿಟ್ಟು ಹೋಯ್ತು. ಅದೇ ನೀರು ತಾಮ್ರಾನೂ ತಂದು ಒಂದು ಕಡೆ ಇಳಿಸ್ತು. ತಾಮ್ರಕ್ಕೆ ಹತ್ತಿರ ಹೋದಷ್ಟೂ ಸೋಡಿಯಂ ಕಮ್ಮಿ ಆಗ್ತಾ ಹೋಗುತ್ತೆ."

"ಅಂದ್ರ ಉಪ್ಪು ಹ್ವಾದ ಕಲ್ಲು," ಅಂದರು ಅವರು.

ಆ ದಿನಗಳು ನನಗೆ ಅರೆನಿದ್ದೆಯಲ್ಲಿ ಕಂಡಂತೆ ನೆನಪಿವೆ. ಮಳೆ ಬಿಡುತ್ತಿರಲಿಲ್ಲ. ಸ್ಕೂಟರಿನಲ್ಲಿ ಬರುವಾಗ ರಸ್ತೆ, ಬಸ್ಸು, ರೇನ್‌ಕೋಟು ತೊಟ್ಟ ಜನ ಎಲ್ಲವೂ ನೀರಿನಡಿಯಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ, ಕಾಲಡಿಯಲ್ಲೆಲ್ಲೋ ಬಿಸಿನೀರು ಕಲ್ಲಿನೊಳಗೆ ದಾರಿ ಹುಡುಕುತ್ತಿದೆ ಎನ್ನಿಸುತ್ತಿತ್ತು. ಹಿಂದಿನ ಗಾಡಿಯವರು ಹಾರ್ನು ಹೊಡೆದಾಗಲೇ ಎಚ್ಚರ.

ಒಂದೊಂದು ಪೆಟ್ಟಿಗೆಯಿಂದ ಒಂದೊಂದು ತುಂಡು ತೆಗೆದು ಅಳೆದೆ. ಒಂದನೆಯದರಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಆರನೆಯದರಲ್ಲಿ ಮಾಮೂಲಿ ಕಲ್ಲಿನಷ್ಟು. ಅಂದರೆ ಕೊಳವೆ ಆಳಕ್ಕಿಳಿದಷ್ಟೂ ತಾಮ್ರದಿಂದ ದೂರ ಸರಿಯುತ್ತಿದೆ. ಇನ್ನು ಕೊರೆಯುವುದು ವ್ಯರ್ಥ ಎಂದು ವರದಿ ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಮರುದಿನ ಸಹಿ ಮಾಡುವವರಿದ್ದರು.

ಬೆಳಗ್ಗೆ ನಾನು ಬಂದಾಗ ಕಾಕಾ ಆರೂ ಪೆಟ್ಟಿಗೆಗಳನ್ನು ಶೆಡ್ಡಿನ ನೆಲದ ಮೇಲೆ ಸಾಲಾಗಿ ಇಟ್ಟು, ಮೊಣಕಾಲೂರಿ ಕೂತಿದ್ದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವು ಕೂಡವಲ್ಲವು."

"ಏನು ಕೂಡಲ್ಲ?"

"ಒಂದೇ ಕೋಲು ಮುರದದ್ದಲ್ರಿ ಇದು? ಎರಡನೇ ಪೆಟ್ಟಿಗಿ ಬಾಲ ಮೂರನೇದರ ತಲಿಗೆ ಕೂಡಬೇಕು. ಕೂಡಂಗಿಲ್ಲ. ಮೂರನೇದರ ಬಾಲ ಎರಡನೇದರ ತಲಿಗೆ ಹಚ್ಚಿ ನೋಡ್ರಿ."

ಹಚ್ಚಿ ನೋಡಿದೆ. ಒಡೆದ ಬಳೆಯ ಚೂರು ಕೂಡುವ ಹಾಗೆ ಕೂಡಿತು. ಉಳಿದವನ್ನೂ ನೋಡಿದೆ. ಆರಕ್ಕೆ ಐದು, ಐದಕ್ಕೆ ನಾಲ್ಕು. ನಾನು ಬರೆದ ಅಂಕಿಗಳು ಪೂರ್ತಿ ತಿರುವುಮುರುವಾಗಿದ್ದವು. ಕೊಳವೆ ತಾಮ್ರದಿಂದ ದೂರ ಹೋಗುತ್ತಿರಲಿಲ್ಲ, ಅದರ ಕಡೆಗೇ ಹೋಗುತ್ತಿತ್ತು.

"ಮೊದಲೇ ಯಾಕೆ ಹೇಳಲಿಲ್ಲ ಕಾಕಾ?"

"ನೀವು ಓದಿದವ್ರು. ನಾ ಹೆಂಗ ಹೇಳ್ಲಿ ಅಂತ ಒಂದ್ ದಿನ ಸುಮ್ನಿದ್ದೆ. ಆಮ್ಯಾಲ ಮನಸ್ಸು ತಡಿಲಿಲ್ರಿ."

ಮುಖ್ಯಸ್ಥರ ಕೋಣೆಗೆ ಹೋಗಿ, ಅಂಕಿ ಬರೆದವಳು ನಾನೇ, ಯಾರನ್ನೂ ಕೇಳದೆ ಬರೆದೆ ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ವರದಿಯನ್ನು ನನ್ನ ಕಡೆ ಸರಿಸಿ, "ಇದು ನಿಮಗೆ ಗೊತ್ತಾಗಿದ್ದು ಹೇಗೆ?" ಎಂದು ಕೇಳಿದರು. ಹೇಳಿದೆ. ಅವರು ಎದ್ದು ಶೆಡ್ಡಿಗೆ ನಡೆದರು. ಕಾಕಾ ತೋರಿಸಿದ, ತುಂಡುಗಳು ಕೂಡುವ ಒಂದೊಂದು ಜಾಗವನ್ನೂ ಬಗ್ಗಿ ನೋಡಿದರು. ಕಲ್ಲು ಕಳಿಸಿದವರಿಗೆ ನಾನು ಫೋನು ಮಾಡಿ ಒಂದೊಂದು ತುಂಡನ್ನೂ ಹೊಂದಿಸಿಕೊಂಡು, ಹೊಸ ವರದಿ ಬರೆದೆ. ಅದನ್ನು ಓದಿ ಗುಡ್ಡ ಕೊರೆಯುವವರು ಇನ್ನೂ ಆಳಕ್ಕೆ ಕೊರೆದರು. ದೀಪಾವಳಿಯ ಹೊತ್ತಿಗೆ ತಾಮ್ರದ ಅದಿರು ಸಿಕ್ಕಿತೆಂದು ಸುದ್ದಿ ಬಂತು, ಆದರೆ ಪದರ ತೆಳ್ಳಗಿದೆ, ಗಣಿಗೆ ಸಾಲದೇನೋ ಎಂದೂ.

ಹೊಸ ವರದಿ ಹೋದ ದಿನ ಮಧ್ಯಾಹ್ನ ನಾನು ಸೂಕ್ಷ್ಮದರ್ಶಕದ ಮುಂದಿದ್ದೆ. ಕಾಕಾ ಹೊಸ ಪಟ್ಟಿಗಳನ್ನು ತಂದಿಟ್ಟು ಹೊರಟರು.

"ಕಾಕಾ, ಇದರಲ್ಲಿ ನೀವು ಎಂದಾದರೂ ನೋಡಿದ್ದೀರಾ?"

"ಇಲ್ರಿ. ಅದು ನಮ್ಮ ಕೆಲಸ ಅಲ್ಲಲ್ರಿ."

ಇಪ್ಪತ್ತು ವರ್ಷದ ಮೇಲಾಗಿತ್ತು ಅವರು ಪಟ್ಟಿ ಉಜ್ಜುತ್ತ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೈ ಒರೆಸಿಕೊಂಡು, ಉಸಿರು ಹಿಡಿದು ಬಗ್ಗಿದರು. ಬೂದುಬಣ್ಣದ ಆ ಕಲ್ಲು ಒಳಗೆ ಬೂದಾಗಿರಲಿಲ್ಲ. ಮೆಗ್ನೀಸಿಯಂ ಹೊಕ್ಕ ಜಾಗದಲ್ಲಿ ಹುಟ್ಟಿದ ಖನಿಜ ಕಡುನೀಲಿಯಾಗಿ ಮಿನುಗುತ್ತಿತ್ತು. ನಡುವೆ ಗುಲಾಬಿ, ಹಳದಿ ಎಳೆಗಳು. ಪಟ್ಟಿ ಕೂತಿದ್ದ ತಟ್ಟೆಯನ್ನು ನಾನು ಮೆಲ್ಲಗೆ ತಿರುಗಿಸಿದೆ. ಬಣ್ಣಗಳು ಒಂದೊಂದಾಗಿ ಆರಿ, ಮತ್ತೆ ಹೊತ್ತಿಕೊಂಡವು. ಹೊರಗೆ ಮಳೆ ತೆಂಗಿನ ಗರಿಗಳ ಮೇಲೆ ಸುರಿಯುತ್ತಿತ್ತು.

"ಎಲ್ಲಾ ಕಲ್ಲಿನಾಗೂ ಹಿಂಗ ಇರ್ತದೇನ್ರಿ?" ಕಾಕಾ ಕಣ್ಣೆತ್ತದೆ ಕೇಳಿದರು.

"ಒಂದೊಂದರಲ್ಲಿ ಒಂದೊಂದು ಥರ."

"ನನ್ನ ಕೈಯಾಗ ಎಷ್ಟ್ ಹಾದು ಹ್ವಾದವು," ಅಂದರು. ಆಮೇಲೆ ಸಂಕೋಚದಿಂದ, "ನಮ್ಮ ಮನ್ಯಾಕಿನ್ನ ಒಂದಿನ ಕರಕೊಂಡು ಬರ್ಲೇನ್ರಿ?"

ಶನಿವಾರ ಬಂದರು. ಪಿಂಪ್ರಿಯಿಂದ ಲೋಕಲ್ ರೈಲು ಹಿಡಿದು, ಬಸ್ಸು ಬದಲಿಸಿ, ಇಬ್ಬರೂ ಒದ್ದೆಯಾಗಿದ್ದರು. ಗಂಡ ಒಡೆದ ಜಲ್ಲಿಯನ್ನು ವರ್ಷಗಟ್ಟಲೆ ಬುಟ್ಟಿಯಲ್ಲಿ ಹೊತ್ತ ಹೆಂಗಸು ಅವರು. ಕುರ್ಚಿಯ ತುದಿಗೆ ಕೂತು, ಸೆರಗು ಸರಿಸಿ ಕಣ್ಣಿಟ್ಟರು. ತಟ್ಟೆ ತಿರುಗಿಸುವುದನ್ನು ಕಾಕಾನೇ ಮಾಡಿದರು, ಕಲ್ಲು ಕೊಯ್ಯುವಾಗಿನಷ್ಟೇ ಜೋಪಾನವಾಗಿ. ಸ್ವಲ್ಪ ಹೊತ್ತಿನ ಮೇಲೆ ಆಕೆ, ಕಣ್ಣು ತೆಗೆಯದೆ, ಕೈಯನ್ನಷ್ಟೇ ಪಕ್ಕಕ್ಕೆ ಚಾಚಿ, "ಇನ್ನೊಂದ್ ಹಾಕ್ರಿ" ಅಂದರು.